ಊರಂಚಿನ ಶಾಲೆಯಿಂದ ಡೈರಿ ಸರ್ಕಲ್‌ವರೆಗೆ

ಹಾಸನದಿಂದ ಯಾವ ದಿಕ್ಕಿಗೆ ಹೊರಟರೂ ಈಗ ಒಂದೇ ನೋಟ. ರಾಗಿ, ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲದಲ್ಲಿ ಸೈಟಿನ ಕಲ್ಲು, ಅರ್ಧ ಕಟ್ಟಿದ ಮನೆ, ಹೊಸ ಡಾಂಬರು ರಸ್ತೆ. ಬಡಾವಣೆಗೂ ಹಳೆಯ ಹಳ್ಳಿಗೂ ನಡುವೆ ಒಂದು ಸರ್ಕಾರಿ ಶಾಲೆ ಇರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಹಳದಿ ವ್ಯಾನುಗಳು ಅದರ ಗೇಟಿನ ಮುಂದೆಯೇ ಹಾದು ಮಕ್ಕಳನ್ನು ಪೇಟೆಯ ಕಾನ್ವೆಂಟಿಗೆ ಕರೆದೊಯ್ಯುತ್ತವೆ. ಬಡಾವಣೆಯಲ್ಲಿ ಮನೆ ಹೆಚ್ಚಿದ ಹಾಗೆ ಆ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ.

ಇಲ್ಲಿ ಮನೆ ಮಾಡಿದವರಿಗೆ ಒಂದನೇ ತರಗತಿಯಿಂದ ಎಂಜಿನಿಯರಿಂಗ್, ವೈದ್ಯಕೀಯ, ಪಶುವೈದ್ಯಕೀಯದವರೆಗೆ ಪೂರ್ತಿ ಸರ್ಕಾರಿ ದಾರಿ ಊರಲ್ಲೇ ಇದೆ. ಅಷ್ಟು ಅನುಕೂಲ ಎಲ್ಲ ಜಿಲ್ಲೆಗೂ ಇಲ್ಲ. ಆದರೆ ಆ ದಾರಿಯ ಎಷ್ಟೋ ತೀರ್ಮಾನಗಳು ಮಗುವಿಗೆ ಆರು ವರ್ಷವಾದಾಗಲೇ ಆಗಿಹೋಗಿರುತ್ತವೆ. ಅರ್ಜಿಗೆ ಸಹಿ ಹಾಕಿದ ಅಪ್ಪ ಅಮ್ಮನಿಗೆ ಅದು ಗೊತ್ತಾಗುವುದು ಹನ್ನೆರಡು ವರ್ಷದ ಮೇಲೆ, ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ದಾಖಲೆ ಪರಿಶೀಲನೆಯ ಹೊತ್ತಿಗೆ.

ಇದರಲ್ಲಿ ಹೆಚ್ಚು ಜನ ಎಡವುವುದು ಗ್ರಾಮೀಣ ಮೀಸಲಿನಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ವೃತ್ತಿಪರ ಕೋರ್ಸ್ ಸೀಟುಗಳಲ್ಲಿ ಶೇಕಡ 15 ಗ್ರಾಮೀಣ ಅಭ್ಯರ್ಥಿಗಳಿಗೆ, ಶೇಕಡ 5 ಕನ್ನಡ ಮಾಧ್ಯಮದವರಿಗೆ ಮೀಸಲು. ಎರಡಕ್ಕೂ ಷರತ್ತು 1ರಿಂದ 10ನೇ ತರಗತಿವರೆಗಿನ ಹತ್ತು ವರ್ಷವೂ ಪೂರ್ತಿ ಹಾಗೆಯೇ ಓದಿರಬೇಕು ಎಂಬುದು. ಒಂಬತ್ತು ವರ್ಷ ಓದಿದ್ದರೆ ನಡೆಯುವುದಿಲ್ಲ. ಗ್ರಾಮೀಣ ಎಂದು ಲೆಕ್ಕ ಹಾಕುವುದು ಮಗು ಓದಿದ ಶಾಲೆ ಇರುವ ಜಾಗವನ್ನು ನೋಡಿ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಬಡಾವಣೆಯಲ್ಲಿದ್ದು ಪೇಟೆಯ ಶಾಲೆಗೆ ವ್ಯಾನಿನಲ್ಲಿ ಹೋದ ಮಗು ನಗರದ ಅಭ್ಯರ್ಥಿ. ಪೇಟೆಯಲ್ಲಿದ್ದು ಪಂಚಾಯಿತಿ ವ್ಯಾಪ್ತಿಯ ಶಾಲೆಗೆ ಹತ್ತು ವರ್ಷ ಹೋದ ಮಗು ಗ್ರಾಮೀಣ ಅಭ್ಯರ್ಥಿ. ಆ ಶಾಲೆ ಸರ್ಕಾರಿಯೋ ಖಾಸಗಿಯೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲು ಕೇಳುವುದಾದರೆ ಮೇಲ್‌ಸ್ತರಕ್ಕೆ (ಕ್ರೀಮಿ ಲೇಯರ್) ಸೇರಿಲ್ಲ ಎಂಬ ಪ್ರಮಾಣಪತ್ರವನ್ನೂ ತಹಶೀಲ್ದಾರರಿಂದ ತರಬೇಕು.

ಹಾಸನದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ನಗರಸಭೆ ಮಹಾನಗರಪಾಲಿಕೆಯಾಗಿ ಮೇಲ್ದರ್ಜೆಗೇರುವಾಗ ಸುತ್ತಲಿನ ಹಳ್ಳಿಗಳು ನಗರದ ಗಡಿಯೊಳಗೆ ಬಂದವು. ಮಗು ನಾಲ್ಕನೇ ತರಗತಿಯಲ್ಲಿದ್ದಾಗ ಪಂಚಾಯಿತಿಗೆ ಸೇರಿದ್ದ ಶಾಲೆ ಆರನೇ ತರಗತಿಯ ಹೊತ್ತಿಗೆ ಪಾಲಿಕೆಯದಾಗಬಹುದು. ಶಾಲೆ ಕದಲಿಲ್ಲ, ಗಡಿ ಕದಲಿದೆ. ಹಾಗಾಗಿ ಊರಂಚಿನಲ್ಲಿ ಮಗುವನ್ನು ಸೇರಿಸುವವರು ಮುಖ್ಯ ಶಿಕ್ಷಕರನ್ನು ಮೊದಲು ಕೇಳಬೇಕಾದ ಪ್ರಶ್ನೆ, “ಈ ಶಾಲೆ ಇವತ್ತು ಯಾವ ಸ್ಥಳೀಯ ಸಂಸ್ಥೆಗೆ ಸೇರುತ್ತದೆ?” ಎನ್ನುವುದು. ಗಡಿ ಬದಲಾದ ವರ್ಷ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ, ಹಿಂದಿನ ವರ್ಷಗಳನ್ನು ಗ್ರಾಮೀಣ ಎಂದು ತೋರಿಸುವ ವ್ಯಾಸಂಗ ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳುವುದು ಒಳ್ಳೆಯದು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಸಹಿಯ ಜೊತೆ ಬಿಇಒ ಮೇಲುಸಹಿಯೂ ಬೇಕು. ಎರಡು ಮೂರು ಶಾಲೆ ಬದಲಿಸಿದ ಮಗುವಾದರೆ ಪ್ರತಿ ಶಾಲೆಯಿಂದಲೂ ಪ್ರತ್ಯೇಕ ಪತ್ರ, ಪ್ರತಿ ತಾಲ್ಲೂಕಿನ ಬಿಇಒ ಸಹಿ. ಸಿಇಟಿ ಬರೆದ ಮೇಲೆ ಇದಕ್ಕೆ ಓಡಾಡಲು ಹೊರಟರೆ ಒಂದು ಶಾಲೆ ಮುಚ್ಚಿರುತ್ತದೆ, ಇನ್ನೊಂದರಲ್ಲಿ ದಾಖಲೆ ಪುಸ್ತಕ ಸಿಗುವುದಿಲ್ಲ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಮಾಡಿಸಿಟ್ಟರೆ ಆ ಗೋಳು ಇರುವುದಿಲ್ಲ.

ಈ ಗಡಿ ಇನ್ನೂ ಬೇಗ, ಐದನೇ ತರಗತಿಯಲ್ಲೇ ಕೆಲಸ ಮಾಡುತ್ತದೆ. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ಜವಾಹರ್ ನವೋದಯ ವಿದ್ಯಾಲಯ ಜಿಲ್ಲೆಯಲ್ಲಿ ಇರುವುದು ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯಲ್ಲಿ. ಆರನೇ ತರಗತಿಗೆ 80 ಸೀಟು, ಅದರಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಮಕ್ಕಳಿಗೆ. ಇಲ್ಲಿ ನೋಡುವುದು 3, 4, 5ನೇ ತರಗತಿ ಮಾತ್ರ. ಆದರೆ ಆ ಮೂರು ವರ್ಷದಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಪಟ್ಟಿಗೆ ಹೋಗುತ್ತದೆ. ಪ್ರವೇಶ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 50, ಗಣಿತಕ್ಕೆ 25, ಭಾಷೆಗೆ 25. ಕನ್ನಡದಲ್ಲೇ ಬರೆಯಬಹುದು. ಆಕೃತಿ ಹೊಂದಿಸುವ, ಸರಣಿ ಪೂರ್ತಿ ಮಾಡುವ ಪ್ರಶ್ನೆಗಳಿಗೇ ಅರ್ಧ ಅಂಕ ಇರುವುದರಿಂದ, ಪಾಠದಲ್ಲಿ ಜಾಣನಾದರೂ ಅಂಥ ಪ್ರಶ್ನೆಯನ್ನು ಎಂದೂ ಕಾಣದ ಮಗು ಹಿಂದೆ ಬೀಳುತ್ತದೆ. ಒಂದೇ ಸಲ ಬರೆಯುವ ಅವಕಾಶ. ನಾಲ್ಕನೇ ತರಗತಿಯ ರಜೆಯಿಂದಲೇ ವಾರಕ್ಕೆರಡು ದಿನ ಹಳೆಯ ಪ್ರಶ್ನೆಪತ್ರಿಕೆ ಮಾಡಿಸುವ ಮೇಷ್ಟ್ರು ಇರುವ ಶಾಲೆಯಿಂದ ಮಕ್ಕಳು ಆಯ್ಕೆಯಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಮಾಧ್ಯಮದ ಮಾತು. ಈಗ ಅನೇಕ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ವಿಭಾಗ ಇದೆ. 2019-20ರಲ್ಲಿ ಸಾವಿರ ಶಾಲೆಗಳಿಂದ ಶುರುವಾದದ್ದು ಆಮೇಲೆ ಬೆಳೆಯಿತು. ಗಣಿತ, ಪರಿಸರ ಅಧ್ಯಯನದ ಪುಸ್ತಕ ಕನ್ನಡ ಇಂಗ್ಲಿಷ್ ಎರಡರಲ್ಲೂ ಇರುತ್ತದೆ, ಅದು ಒಳ್ಳೆಯ ವ್ಯವಸ್ಥೆ. ಆದರೆ ಆ ವಿಭಾಗಕ್ಕೆ ಸೇರಿದ ಮಗುವಿಗೆ ಕನ್ನಡ ಮಾಧ್ಯಮದ ಶೇಕಡ 5 ಇರುವುದಿಲ್ಲ, ಮುಂದೆ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದವರಿಗಿರುವ ಮೀಸಲೂ ಇಲ್ಲ. ಇಂಗ್ಲಿಷ್ ಬೇಡ ಎನ್ನುವ ಮಾತಲ್ಲ ಇದು. ಮನೆಯಲ್ಲಿ ಯಾರೂ ಇಂಗ್ಲಿಷ್ ಓದಿಸಲಾರದ ಮಗುವಿಗೆ ಕನ್ನಡದಲ್ಲಿ ಗಣಿತ ಗಟ್ಟಿಯಾಗುವುದು ಎಷ್ಟು ದೊಡ್ಡ ಆಸ್ತಿ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು. ಎರಡನ್ನೂ ತೂಗಿ ನೋಡಿ ಆರಿಸಲಿ, ಪಕ್ಕದ ಮನೆಯವರು ಸೇರಿಸಿದರು ಎಂದು ಸೇರಿಸುವುದು ಬೇಡ. ಯಾವ ವಿಭಾಗವೇ ಆಗಲಿ, ಮಕ್ಕಳ ವಿವರ ದಾಖಲಿಸುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಮಾಧ್ಯಮದ ಕಾಲಂ ಸರಿಯಾಗಿ ತುಂಬಿದೆಯೇ ಎಂದು ದಾಖಲಾತಿಯ ತಿಂಗಳಲ್ಲೇ ನೋಡಬೇಕು.

ದಾಖಲೆಯ ವಿಷಯಕ್ಕೆ ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎನ್ನುವುದು ನಿಯಮ. ಜನನ ಪ್ರಮಾಣಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಯಾವುದಾದರೂ ಇಲ್ಲವೆಂದು, ಟಿಸಿ ಬಂದಿಲ್ಲವೆಂದು ಮಗುವನ್ನು ವಾಪಸು ಕಳಿಸಲು ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ. ಕಟ್ಟಡ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದು ಬಡಾವಣೆಯ ಶೆಡ್ಡುಗಳಲ್ಲಿ ಇರುವವರು, ತೋಟದ ಕೆಲಸಕ್ಕೆ ಬಂದವರು ಇದನ್ನು ತಿಳಿದಿರಬೇಕು, ತಿಳಿದವರು ಅವರಿಗೆ ಹೇಳಬೇಕು. ಹೆಸರಿನ ಕಾಗುಣಿತ ಮಾತ್ರ ಮೊದಲ ದಿನವೇ ಸರಿ ಇರಲಿ. ಜನನ ಪತ್ರದಲ್ಲಿ ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ್, ಶಾಲೆಯಲ್ಲಿ ಇನಿಷಿಯಲ್ ಹಿಂದೆ ಮುಂದೆ ಆದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿಗೆ ಮುಂಚೆ ಮುಖ್ಯ ಶಿಕ್ಷಕರ ಮೂಲಕ ತಿದ್ದಿಸುವುದು ಕಷ್ಟವಲ್ಲ. ಅಂಕಪಟ್ಟಿ ಅಚ್ಚಾದ ಮೇಲೆ ಹುಟ್ಟಿದ ದಿನ ಬದಲಿಸುವುದೆಂದರೆ ಕೋರ್ಟು ಕಚೇರಿ ಅಲೆಯುವ ಕೆಲಸ.

ಶಾಲೆ ಹೇಗಿದೆ ಎಂದು ತಿಳಿಯಲು ಬಣ್ಣ, ಗೇಟು ನೋಡಿದರೆ ಸಾಲದು. ಮಕ್ಕಳೆಷ್ಟು, ಕಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು ಎಂದು ಕೇಳಿ. ಕಾಯ್ದೆಯ ಪ್ರಕಾರ 1ರಿಂದ 5ರವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ಕ್ಕೆ ಮೂವರು, 120ರ ತನಕ ನಾಲ್ವರು ಶಿಕ್ಷಕರು. 6ರಿಂದ 8ಕ್ಕೆ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು. 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತಿರುವುದನ್ನು ಕಂಡು ಶಿಕ್ಷಕರಿಲ್ಲದ್ದಕ್ಕೆ ಹೀಗೆ ಎಂದುಕೊಂಡು ಹಿಂದಿರುಗುವವರಿದ್ದಾರೆ. ಅದು ನಲಿ ಕಲಿ ಪದ್ಧತಿ, ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಯುವಂತೆ ಮಾಡಿದ ಏರ್ಪಾಡು. ನೋಡಬೇಕಾದದ್ದು ಮೂರನೇ ತರಗತಿಯ ಮಗು ಕನ್ನಡದ ಒಂದು ಪುಟವನ್ನು ತಡವರಿಸದೆ ಓದುತ್ತದೆಯೇ, ದಶಕ ಪಡೆಯುವ ಕಳೆಯುವ ಲೆಕ್ಕ ಮಾಡುತ್ತದೆಯೇ ಎಂಬುದನ್ನು. ಇಷ್ಟು ಬಂದರೆ ಆ ಶಾಲೆಯಲ್ಲಿ ಪಾಠ ನಡೆಯುತ್ತಿದೆ.

ಊರಂಚಿನ ಶಾಲೆ ಸೊರಗುವ ರೀತಿಯನ್ನೂ ಅರ್ಥ ಮಾಡಿಕೊಳ್ಳಬೇಕು. ಶಿಕ್ಷಕರ ಸಂಖ್ಯೆ ಮಕ್ಕಳ ಸಂಖ್ಯೆಗೆ ಕಟ್ಟಿದ್ದು. ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನು ಹೆಚ್ಚುವರಿ ಎಂದು ಗುರುತಿಸಿ ಬೇರೆಡೆಗೆ ಕಳಿಸುತ್ತಾರೆ. ಶಿಕ್ಷಕರು ಹೋದರು ಎಂದು ಇನ್ನಷ್ಟು ಪೋಷಕರು ಟಿಸಿ ತೆಗೆಸುತ್ತಾರೆ. ಇದು ತಿರುಗುವುದು ಕೂಡ ಅದೇ ದಾರಿಯಲ್ಲಿ. ಒಂದೇ ಬೀದಿಯ ಹತ್ತು ಮನೆಯವರು ಮಾತಾಡಿಕೊಂಡು ಒಂದೇ ವರ್ಷ ಸೇರಿಸಿದರೆ 52 ಇದ್ದ ಶಾಲೆ 62 ಆಗುತ್ತದೆ, ಮೂರನೇ ಹುದ್ದೆಯನ್ನು ಕೇಳಲು ಕಾನೂನಿನ ಬಲ ಸಿಗುತ್ತದೆ. ಒಬ್ಬೊಬ್ಬರೇ ಬಂದರೆ ಇದು ಆಗುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು ಎನ್ನುವುದು ಕಾಯ್ದೆ. ಮಗುವನ್ನು ಸೇರಿಸಿದವರಿಗಷ್ಟೇ ಅಲ್ಲಿ ದನಿ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಹೊರಗೆ ನಿಂತು ಶಾಲೆ ಸರಿಯಿಲ್ಲ ಎನ್ನುವುದರಿಂದ ಏನೂ ಕದಲುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಗುತ್ತಿದ್ದ ಶೇಕಡ 25 ಉಚಿತ ಸೀಟಿನ ಬಗ್ಗೆ ಈಗಲೂ ಕೇಳುವವರಿದ್ದಾರೆ. 2019ರಿಂದ ರಾಜ್ಯದ ನಿಯಮ ಬದಲಾಗಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದು. ಹಾಸನದ ಸುತ್ತಮುತ್ತ ಅಂಥ ಶಾಲೆ ಇಲ್ಲದ ಜಾಗ ಹುಡುಕುವುದು ಕಷ್ಟ.

ಎಂಟನೇ ತರಗತಿಯಲ್ಲಿ ಒಂದು ಬಾಗಿಲು ತೆರೆಯುತ್ತದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಯ ಶಾಲೆಯವರಿಗೆ ಮಾತ್ರ, ವಸತಿ ಶಾಲೆಯವರಿಗಿಲ್ಲ. ಏಳನೇ ತರಗತಿಯಲ್ಲಿ ಶೇಕಡ 55 ಅಂಕ, ಪರಿಶಿಷ್ಟರಿಗೆ ಶೇಕಡ 50, ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗೆ. ಮಾನಸಿಕ ಸಾಮರ್ಥ್ಯ 90, ವಿಷಯ ಜ್ಞಾನ 90 ಅಂಕ. ಗೆದ್ದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಇದು ಕೈತಪ್ಪುವುದು ಎರಡು ಕಡೆ. ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಬೇಕು, ಒಂಬತ್ತರಲ್ಲಿ ಮಾಡಿ ಹತ್ತರಲ್ಲಿ ಮರೆಯುತ್ತಾರೆ. ಇನ್ನೊಂದು, ಎಸ್ಸೆಸ್ಸೆಲ್ಸಿ ಆದ ಮೇಲೆ ಅನುದಾನರಹಿತ ಪಿಯು ಕಾಲೇಜಿಗೆ ಸೇರಿದರೆ ವೇತನ ನಿಲ್ಲುತ್ತದೆ. ಸರ್ಕಾರಿ ಪಿಯುಗೆ ಹೋಗಲು ಇದೂ ಒಂದು ಲೆಕ್ಕ.

ರಾಜ್ಯದ ಬೇರೆ ವಿದ್ಯಾರ್ಥಿವೇತನಗಳೆಲ್ಲ ಎಸ್‌ಎಸ್‌ಪಿ ಪೋರ್ಟಲ್ ಮೂಲಕ. ಹಣ ಬಾರದಿರಲು ಹೆಚ್ಚಾಗಿ ಒಂದೇ ಕಾರಣ, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂಬ ನೋಂದಣಿ) ಆಗಿರುವುದಿಲ್ಲ. ಬ್ಯಾಂಕಿನಲ್ಲಿ ಅದನ್ನೇ ಹೆಸರು ಹಿಡಿದು ಕೇಳಬೇಕು. ಆಗದಿದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದರೆ ಕೆಲಸ ಬೇಗ ಆಗುತ್ತದೆ.

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಮನಸ್ಸಿಟ್ಟರೆ ಏನಾಗುತ್ತದೆ ಎಂದು ಈ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆದರೆ ಹತ್ತನೆಯದು ಮುಗಿದ ಕೂಡಲೇ “ಸೈನ್ಸ್ ಅಂದರೆ ಖಾಸಗಿಯೇ” ಎಂಬ ಮಾತು ಶುರುವಾಗುತ್ತದೆ. ಇದನ್ನು ಬಿಡಿಸಿ ನೋಡಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯು ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿಯ 180 ಅಂಕ ಅರ್ಧ. ಬೋರ್ಡ್ ಪರೀಕ್ಷೆಗೆ ಶ್ರದ್ಧೆಯಿಂದ ಓದಿದ ಸರ್ಕಾರಿ ಪಿಯು ವಿದ್ಯಾರ್ಥಿ ಅರ್ಧ ದಾರಿಯನ್ನು ಅಲ್ಲೇ ಗೆದ್ದಿರುತ್ತಾನೆ. ವೈದ್ಯಕೀಯಕ್ಕೆ ಹಾಗಲ್ಲ. ಅಲ್ಲಿ ಪಿಯು ಅಂಕ ಅರ್ಹತೆಗಷ್ಟೇ, ರ‍್ಯಾಂಕ್ ಪೂರ್ತಿ ನೀಟ್‌ನದು. ಸರ್ಕಾರಿ ಪಿಯು ಕಾಲೇಜಿನ ಪಾಠವೊಂದರಿಂದಲೇ ನೀಟ್ ದಾಟುವುದು ಕಷ್ಟ, ಅದನ್ನು ಮುಚ್ಚಿಡಬಾರದು. ನೀಟ್‌ಗೆಂದೇ ಹೊರಟ ಮಗುವಿಗೆ ಬೇರೆ ತರಬೇತಿ ಬೇಕು. ಆದರೆ ಆ ಒಂದು ಗುರಿಗಾಗಿ ಎಲ್ಲ ಮಕ್ಕಳನ್ನೂ ಎರಡು ವರ್ಷ ಲಕ್ಷಗಟ್ಟಲೆ ಕೊಟ್ಟು ಹಾಸ್ಟೆಲ್‌ನಲ್ಲಿ ಕೂರಿಸುವುದು ಬೇಡದ ಸಾಲ.

ಮುಂದೆ ಏನಿದೆ ನೋಡಿ. ಡೈರಿ ಸರ್ಕಲ್ ಬಳಿ 2007ರಲ್ಲಿ ಶುರುವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಮೊಸಳೆಹೊಸಹಳ್ಳಿಯಲ್ಲಿ ಇನ್ನೊಂದು. ಸಾಲಗಾಮೆ ರಸ್ತೆಯಲ್ಲಿ 1960ರಿಂದ ಇರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಅಲ್ಲಿ ಅನುದಾನಿತ ಕೋರ್ಸಿಗೂ ಅನುದಾನರಹಿತ ಕೋರ್ಸಿಗೂ ಶುಲ್ಕ ಬೇರೆ, ಆಯ್ಕೆ ಪಟ್ಟಿ ಮಾಡುವಾಗ ಇದನ್ನು ನೋಡಲೇಬೇಕು. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಪಶುವೈದ್ಯಕೀಯ ಕಾಲೇಜು, ಕಾರೆಕೆರೆಯ ಕೃಷಿ ಕಾಲೇಜು. ಪಕ್ಕದ ಚಿಕ್ಕಮಗಳೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು. ಜಮೀನಿರುವ ಕುಟುಂಬದ ಮಕ್ಕಳಿಗೆ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯದಲ್ಲಿ ಕೃಷಿಕರ ಮೀಸಲು ಇದೆ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಕಳೆ, ಉಪಕರಣ ಗುರುತಿಸಬೇಕು. ಸೈಟು ಮಾಡಿ ಜಮೀನು ಮಾರಿದವರ ಮಕ್ಕಳಿಗೆ ಆ ದಾಖಲೆಯೂ ಇಲ್ಲ, ಕಳೆ ಗುರುತೂ ಇಲ್ಲ ಎನ್ನುವ ಸ್ಥಿತಿ ಊರಂಚಿನಲ್ಲಿ ಈಗ ಸಾಮಾನ್ಯವಾಗುತ್ತಿದೆ.

ಸಿಇಟಿ ಅರ್ಜಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ತಪ್ಪಿದರೆ ಮಗು ಸಾಮಾನ್ಯ ವರ್ಗದಲ್ಲಿ ನಿಲ್ಲುತ್ತದೆ. ಆದಾಯ ಪತ್ರದ ಅವಧಿ ಐದು ವರ್ಷ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಸೀಟು ಸೇರುವ ಹೊತ್ತಿಗೆ ಮುಗಿಯುವ ಹಂತಕ್ಕೆ ಬಂದಿರುತ್ತದೆ, ಪಿಯುನಲ್ಲೇ ಹೊಸದು ಮಾಡಿಸಬೇಕು. ಆಯ್ಕೆ ದಾಖಲಿಸುವಾಗ ಹತ್ತು ಕಾಲೇಜು ಹಾಕಿ ಸುಮ್ಮನಾಗುವುದು ದೊಡ್ಡ ತಪ್ಪು. ನಿಜಕ್ಕೂ ಸೇರಲು ಒಪ್ಪುವ ಪ್ರತಿ ಕಾಲೇಜು, ಪ್ರತಿ ಕೋರ್ಸನ್ನೂ ಇಷ್ಟದ ಕ್ರಮದಲ್ಲಿ ಹಾಕಬೇಕು. ಅಣಕು ಹಂಚಿಕೆ ಬಂದಾಗ ಕ್ರಮ ತಿದ್ದಬಹುದು. ಸೀಟು ಬಂದ ಮೇಲೆ ನಾಲ್ಕು ಆಯ್ಕೆ: ಒಂದು ಎಂದರೆ ಒಪ್ಪಿ ಸೇರುವುದು, ಎರಡು ಎಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು, ಮೂರು ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕು ಎಂದರೆ ಹೊರನಡೆಯುವುದು. ಸೈಬರ್ ಸೆಂಟರಿನ ಹುಡುಗನ ಕೈಯಲ್ಲಿ ಈ ಗುಂಡಿ ಒತ್ತಿಸಬೇಡಿ. ಮೂರು ಒತ್ತಿ ಸರ್ಕಾರಿ ಸೀಟು ಕಳೆದುಕೊಂಡರೆ ಮರಳಿ ಪಡೆಯಲು ದಾರಿಯಿಲ್ಲ. ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕವಿಲ್ಲದ, ನಿಗದಿತ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವ ಸೂಪರ್‌ನ್ಯೂಮರರಿ ಕೋಟಾವನ್ನೂ ಅರ್ಜಿಯಲ್ಲಿ ಒಪ್ಪಿರಬೇಕು, ಆಮೇಲೆ ಕೇಳಿದರೆ ಕೊಡುವುದಿಲ್ಲ.

ಪದವಿಗೆ ಹಾಸನದಲ್ಲೇ ಸರ್ಕಾರಿ ಕಲಾ ಕಾಲೇಜು, ವಿಜ್ಞಾನ ಕಾಲೇಜು, ಗೃಹ ವಿಜ್ಞಾನ ಕಾಲೇಜು, ಮಹಿಳಾ ಕಾಲೇಜು ಇವೆ. 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಪ್ರವೇಶ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ತಂತ್ರಾಂಶದಲ್ಲಿ. ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವೇ ಹಾಸನ ವಿಶ್ವವಿದ್ಯಾಲಯವಾಯಿತು. ಹೊಸ ವಿಶ್ವವಿದ್ಯಾಲಯಗಳನ್ನು ಮಾತೃ ಸಂಸ್ಥೆಗೆ ಮರಳಿ ಸೇರಿಸುವ ಚರ್ಚೆ ನಡೆದಿರುವುದರಿಂದ ಅಂಕಪಟ್ಟಿ ಯಾವ ಹೆಸರಿನಲ್ಲಿ ಬರುತ್ತದೆಂದು ಸೇರುವಾಗ ಕೇಳಿಕೊಳ್ಳಿ. ಶಕ್ತಿ ಯೋಜನೆಯ ಉಚಿತ ಬಸ್ಸು ಬಂದ ಮೇಲೆ ದುದ್ದ, ಶಾಂತಿಗ್ರಾಮ, ಕಟ್ಟಾಯದ ಕಡೆಯ ಹೆಣ್ಣುಮಕ್ಕಳಿಗೆ ಓಡಾಟದ ಖರ್ಚೆಂಬ ನೆಪ ಹೇಳಿ ಓದು ಬಿಡಿಸುವಂತಿಲ್ಲ.

ಪಿಯು ಬೇಡದ ಮಗುವಿಗೆ ಡಿಪ್ಲೊಮಾ ಇದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ, ಆಮೇಲೆ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ. ಐಟಿಐ ಎರಡು ವರ್ಷ ಮಾಡಿದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಎಂಟು ಹತ್ತನೇ ತರಗತಿಯಲ್ಲಿ ಕೈಕೆಲಸದಲ್ಲಿ ಚುರುಕಿದ್ದು ಪುಸ್ತಕ ಬೇಡವೆನ್ನುವ ಹುಡುಗರಿಗೆ ಇದರಷ್ಟು ಒಳ್ಳೆಯ ದಾರಿ ಬೇರೆ ಕಾಣುವುದಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಹೋದ ಮಗುವಿಗೂ ವರ್ಷ ಹಾಳಾಗಬೇಕಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಎರಡನೇ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಓದಿದ ಶಾಲೆಯ ಮೂಲಕವೇ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಕೊನೆಯ ದಿನಾಂಕ ಬಂದುಬಿಡುತ್ತದೆ. ಮಗು ಯಾರ ಮುಖವನ್ನೂ ನೋಡದೆ ಕೋಣೆಯಲ್ಲಿ ಕೂತಿರುವ ದಿನಗಳವು. ಅದನ್ನು ಶಾಲೆಗೆ ಹೋಗು ಎಂದು ದಬಾಯಿಸದೆ, ಅಪ್ಪನೋ ಅಮ್ಮನೋ ತಾವೇ ಹೋಗಿ ಮುಖ್ಯ ಶಿಕ್ಷಕರನ್ನು ಕಂಡು ನೋಂದಣಿ ಮಾಡಿಸಿ ಬರಬೇಕು.